ಬೀಗರಿಗೆ ಕೊಡುವ ನೀರು

ಪದ್ಮವ್ವನ ಬಾವಿ ನೀರಿಗೆ ಹೆಸರಿಟ್ಟು ಕೊಂಕು ತೆಗೆಯುವವರು ತೇರದಾಳದ ಸುತ್ತ ಇನ್ನೂ ಹುಟ್ಟಿರಲಿಲ್ಲ. ಆ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ, ಚಹಾ ಕುಡಿದವರು ಇನ್ನೊಂದು ಕಪ್ಪು ಕೇಳುತ್ತಾರೆ. ಅದರ ಮೇಲೆ ಈಕೆ ಜೈನರ ಮನೆಯ ಹೆಣ್ಣುಮಗಳು. ಬಟ್ಟೆಯಲ್ಲಿ ಸೋಸದೆ ಒಂದು ಹನಿ ನೀರನ್ನೂ ಬಾಯಿಗೆ ಹಾಕುವವಳಲ್ಲ.

ಅಂಥ ನೀರಿಗೆ ಹೆಸರಿಟ್ಟವಳು ಬೀಗಿತ್ತಿ ರತ್ನಾಬಾಯಿ. ಪದ್ಮವ್ವನ ಮಗಳು ಸಿದ್ಧಿಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ! ಆದರೆ ರತ್ನಾಬಾಯಿಯ ಊರಿನಲ್ಲಿ ಬಾವಿ ನೀರು ಕೆಟ್ಟು ಎರಡು ಕೂಸುಗಳು ಆಸ್ಪತ್ರೆ ಸೇರಿದ್ದವು. ನೀರು ಪರೀಕ್ಷೆ ಮಾಡಿಸಿ, ಆಮೇಲೆ ಸೊಸೆಯನ್ನು ಕಳಿಸುತ್ತೇನೆ ಎಂದು ಆಕೆ ಫೋನಿನಲ್ಲಿ ಹೇಳಿಬಿಟ್ಟಳು. ಪದ್ಮವ್ವನಿಗೆ ಮೈಯೆಲ್ಲ ಉರಿಯಿತು. ಮಾಡಿಸಿಯೇ ತೋರಿಸುತ್ತೇನೆ ಎಂದುಕೊಂಡಳು.

ನೀರು ಪರೀಕ್ಷಿಸುವ ವೈಶಾಲಿ ಜಮಖಂಡಿಯಿಂದ ಬಸ್ಸಿನಲ್ಲಿ ಬಂದಳು. ಹೆಗಲಿಗೆ ಚೀಲ, ಕೈಯಲ್ಲಿ ಮಂಜುಗಡ್ಡೆಯ ಡಬ್ಬಿ. ಪದ್ಮವ್ವ ಮೊದಲೇ ತುಂಬಿಟ್ಟಿದ್ದ ಬಾಟಲಿಯನ್ನು ಮುಂದೆ ಹಿಡಿದಳು. ಬಾಟಲಿ ಇನ್ನೂ ಬೆಚ್ಚಗಿತ್ತು.

“ಕಾಸೀರೇನ್ರಿ, ಅವ್ವಾರ?”

“ಕಾಸಿ, ಮೂರು ಸಲ ಸೋಸೀನವ್ವ.”

ವೈಶಾಲಿ ನಗಲಿಲ್ಲ. “ಇದು ಬೀಗರಿಗೆ ಕೊಡೂ ನೀರಾತ್ರಿ. ನನಗ ಬಾವ್ಯಾಗ ಇದ್ದದ್ದು ಇದ್ದಂಗ ಬೇಕು. ಬಟ್ಟ್ಯಾಗ ಹುಳಾ ನಿಂದ್ರತಾವು, ಕರಗಿದ್ದು ನಿಂದ್ರೂದಿಲ್ಲ. ಸಕ್ಕರಿ ನೀರು ಸೋಸಿದ್ರ ಸಿಹಿ ಹೋಗತೈತೇನ್ರಿ?”

ವೈಶಾಲಿ ತಾನೇ ಬಾವಿಗೆ ಬಾಟಲಿ ಇಳಿಬಿಟ್ಟಳು. ಒಂದನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ ತುಂಬಿದಳು. ರೋಗಾಣು ನೋಡುವ ಇನ್ನೊಂದು ಬಾಟಲಿಯನ್ನು ಗಲಬರಿಸಲೂ ಇಲ್ಲ, ಅದರ ಮುಚ್ಚಳದೊಳಗೆ ಬೆರಳು ತಾಗಿಸಲೂ ಇಲ್ಲ. ಊರು, ದಿನ, ಹೊತ್ತು ಬರೆದು ಚೀಟಿ ಅಂಟಿಸಿ ಮಂಜುಗಡ್ಡೆಯಲ್ಲಿಟ್ಟಳು. ಎಷ್ಟು ಮಡಿಯ ಹುಡುಗಿ ಎಂದು ಪದ್ಮವ್ವ ಒಳಗೊಳಗೇ ಮೆಚ್ಚಿದಳು.

ಪದ್ಮವ್ವನ ಗಂಡ ಜಿನ್ನಪ್ಪನದು ಬೇರೆಯೇ ರಾಗ. ನೀರು ಕೆಟ್ಟಿದ್ದರೆ ಅದು ಮೇಲಿನ ಹೊಲದ ಗಿರಿಮಲ್ಲಪ್ಪನ ಕಬ್ಬಿನ ಗೊಬ್ಬರದಿಂದಲೇ ಎಂದು ಕುಂತಲ್ಲೇ ತೀರ್ಪು ಕೊಟ್ಟ.

“ಯಾರ ಹೆಸರೂ ಬ್ಯಾಡ್ರಿ ಕಾಕಾ,” ಎಂದಳು ವೈಶಾಲಿ. “ನೀರು ಯಾವ ಕಡಿಂದ ಬರತೈತಿ ಅಂತ ನೀರನ್ನ ಕೇಳೂಣು.”

ಮೇಲಿನ ಗಿರಿಮಲ್ಲಪ್ಪನ ಬಾವಿ, ಇವರ ಬಾವಿ, ಕೆಳಗಿನ ರೇವಪ್ಪನ ಬಾವಿ ಮೂರಕ್ಕೂ ಟೇಪು ಬಿಟ್ಟು ನೀರು ಎಷ್ಟು ಆಳದಲ್ಲಿದೆ ಎಂದು ಅಳೆದಳು. ಗಾರೆ ಕೆಲಸದ ಗೌಂಡಿಗಳು ಮಟ್ಟ ನೋಡುವ ನೀರಿನ ಪೈಪು ಹಿಡಿದು ಬಾವಿಕಟ್ಟೆಗಳ ಎತ್ತರ ಹೋಲಿಸಿದಳು. ಯಾವ ಬಾವಿಯ ನೀರಿನ ಮಟ್ಟ ಎತ್ತರವೋ ಅಲ್ಲಿಂದ ತಗ್ಗಿನ ಕಡೆಗೆ ನೆಲದೊಳಗೆ ನೀರು ಹರಿಯುತ್ತದಂತೆ. ಕುಚೋದ್ಯ ಮಾಡುತ್ತ ನಿಂತಿದ್ದ ಜಿನ್ನಪ್ಪ ಯಾವಾಗ ಟೇಪಿನ ಇನ್ನೊಂದು ತುದಿ ಹಿಡಿದನೋ ಅವನಿಗೇ ಗೊತ್ತಾಗಲಿಲ್ಲ. ಆಮೇಲೆ ಆಕೆ ಕೈಯಿಂದ ತಿರುವುವ ಬೈರಿಗೆಯಿಂದ ಹಿತ್ತಲಲ್ಲಿ ನಾಲ್ಕು ಕಡೆ ಮಣ್ಣು ತೆಗೆದಳು. ಒಂದೊಂದು ಅಡಿಯ ಮಣ್ಣಿಗೆ ಒಂದೊಂದು ಚೀಲ. ಪ್ರತಿ ಸಲವೂ ಬೈರಿಗೆ ತೊಳೆದೇ ಮುಂದಿನ ತೂತಿಗೆ ಹೋದಳು. ಬಿಸಿಲಲ್ಲಿ ಬೆವರು ಸುರಿಯುತ್ತಿದ್ದರೂ ಒಂದು ಚೀಟಿಯನ್ನೂ ಮರೆಯಲಿಲ್ಲ.

ಹದಿನೈದು ದಿನಕ್ಕೆ ವೈಶಾಲಿ ವರದಿ ತಂದಳು. ಗಿರಿಮಲ್ಲಪ್ಪನ ಬಾವಿ ಚೊಕ್ಕ. ಇವರ ಬಾವಿಯಲ್ಲಿ ರೋಗಾಣುಗಳಿದ್ದವು, ನೈಟ್ರೇಟ್ ಎಂಬ ಉಪ್ಪು ಮಿತಿ ಮೀರಿತ್ತು. ಮೇಲಿನಿಂದ ಇವರ ಬಾವಿಗೆ ನೀರು ಬರುವ ದಾರಿಯಲ್ಲಿ ಇದ್ದದ್ದು ಜಿನ್ನಪ್ಪನದೇ ಪಾಯಖಾನೆಯ ಗುಂಡಿ. ಹಿತ್ತಲ ಮಣ್ಣೂ ಅದನ್ನೇ ಹೇಳಿತು: ಗುಂಡಿಯ ಹತ್ತಿರ ಹೋದಷ್ಟೂ ಆ ಉಪ್ಪು ಹೆಚ್ಚು. ಎರಡು ವರ್ಷದ ಹಿಂದೆ ಇಪ್ಪತ್ತು ಅಡಿ ತೋಡಿಸಿ, ಮೊಮ್ಮಕ್ಕಳ ಕಾಲಕ್ಕೂ ತುಂಬುವುದಿಲ್ಲ ಎಂದು ಅವನು ಊರಿಗೆಲ್ಲ ಹೇಳಿಕೊಂಡಿದ್ದ. ಆ ಆಳವೇ ನೆಲದ ನೀರನ್ನು ಮುಟ್ಟಿತ್ತು.

“ಕಾಸಿ ಕುಡಿಸಿದ್ರ?” ಪದ್ಮವ್ವ ಕೇಳಿದಳು.

“ಕಾಸಿದ್ರ ರೋಗಾಣು ಸಾಯ್ತಾವ್ರಿ, ಉಪ್ಪು ಹೋಗೂದಿಲ್ಲ. ಈ ನೀರಾಗ ಹಾಲಿನ ಪುಡಿ ಕಲಸಿ ಕುಡಿಸಿದ್ರ ಹಸುಗೂಸಿನ ಮೈ ನೀಲಿ ಆಗತೈತಿ, ಜೀವಕ್ಕ ಅಪಾಯ.”

ಪದ್ಮವ್ವ ಅತ್ತೇಬಿಟ್ಟಳು. ಜಿನ್ನಪ್ಪ ತಲೆ ತಗ್ಗಿಸಿ ಗಿರಿಮಲ್ಲಪ್ಪನ ಮನೆಗೆ ನಡೆದ. ಅವನ ಬಾವಿಯಿಂದ ಕುಡಿಯುವ ನೀರು ತರುವುದೆಂದು ಮಾತಾಯಿತು. ಅದೇ ವಾರ ಹಳೆಯ ಗುಂಡಿಯನ್ನು ಬರಿದು ಮಾಡಿ ಮುಚ್ಚಿಸಿದರು. ವೈಶಾಲಿ ತೋರಿಸಿದ ಜಾಗದಲ್ಲಿ, ಬಾವಿಯಿಂದ ದೂರ ತಗ್ಗಿನ ಕಡೆ, ಆಳವಿಲ್ಲದ ಎರಡು ಗುಂಡಿ ಬಂದವು.

ಉಳಿದದ್ದು ಬೀಗಿತ್ತಿಗೆ ಹೇಳುವ ಮಾತು. ಮುಚ್ಚಿಟ್ಟರೆ ಮಾನ ಉಳಿಯುತ್ತದೆ, ಹೇಳಿದರೆ ಮಗಳು ಬರುವುದಿಲ್ಲ. ಪದ್ಮವ್ವ ದೇವರಿಗೆ ಕೈ ಮುಗಿದು, ಫೋನು ತೆಗೆದು ಎಲ್ಲವನ್ನೂ ಒದರಿಬಿಟ್ಟಳು.

“ಖರೆ ಹೇಳಿದ್ರಲ್ಲ,” ಎಂದಳು ಆ ಕಡೆಯಿಂದ ರತ್ನಾಬಾಯಿ. “ನಾಳೆನ ಕಳಸ್ತೇನ್ರಿ.”

ಸಿದ್ಧಿ ಬಂದಳು, ಹೆಣ್ಣುಕೂಸು ಹಡೆದಳು. ಪದ್ಮವ್ವ ಈಗಲೂ ನೀರು ಸೋಸುತ್ತಾಳೆ. ಪರೀಕ್ಷೆಯ ಬಾಟಲಿ ತುಂಬುವಾಗ ಮಾತ್ರ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಳ್ಳುತ್ತಾಳೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ತಿಳಿಯಾಗಿ ಕಂಡರೆ, ರುಚಿಯಾಗಿದ್ದರೆ ನೀರು ಒಳ್ಳೆಯದೆಂದು ನಂಬಿ ಕೂರಬೇಡಿ. ನಿಮ್ಮ ಬಾವಿಯ ಮೇಲ್ಮಗ್ಗುಲಿಗೆ ಏನಿದೆ ಎಂದು ಇವತ್ತೇ ಒಮ್ಮೆ ಸುತ್ತಿ ನೋಡಿ. ವರ್ಷಕ್ಕೊಮ್ಮೆಯಾದರೂ ನೀರು ಪರೀಕ್ಷೆ ಮಾಡಿಸಿ. ಬಾಟಲಿ ಹಿಡಿದು ವೈಶಾಲಿಯಂಥವರು ಬಂದರೆ, ಬೀಗರಿಗೆ ಕೊಡುವ ನೀರು ಕೊಡಬೇಡಿ. ಬಾವಿಯಲ್ಲಿ ಇದ್ದದ್ದನ್ನು ಇದ್ದಂತೆಯೇ ಕೊಡಿ; ನಿಮ್ಮ ಕೂಸು ಕುಡಿಯುವುದು ಅದನ್ನೇ.