ಹೌದಪ್ಪನ ಮಗಳು ಯಾವ ಕೋರ್ಸಿಗೆ ಸೇರಿದಳು?

ಶಾಲೆಯ ಕೊನೆಯ ಪರೀಕ್ಷೆಯ ಫಲಿತಾಂಶ ಬಂದ ವಾರ. ಯಾವ ಮನೆಗೆ ಹೋದರೂ ಒಂದೇ ಮಾತು: "ಮುಂದೇನು?" ಮಕ್ಕಳನ್ನು ಕೇಳುವವರು ಕಡಿಮೆ, ಮಕ್ಕಳ ಪರವಾಗಿ ಹೇಳುವವರೇ ಹೆಚ್ಚು. ಅದರಲ್ಲೂ ಕಟಿಂಗ್ ಶಾಪಿನವನ ಮಗಳಿಗೆ ಬಂದಷ್ಟು ಬಿಟ್ಟಿ ಸಲಹೆ ಆ ಬೀದಿಯಲ್ಲಿ ಇನ್ಯಾರಿಗೂ ಬರಲಿಲ್ಲ.

ಅದಕ್ಕೆ ಕಾರಣ ಅವಳ ಅಪ್ಪನೇ. ಇಪ್ಪತ್ತೆರಡು ವರ್ಷ ಕತ್ತರಿ ಹಿಡಿದು ಪಳಗಿದ ಕೈ. ಕಸುಬು ಕಲಿಸಿದ ಸೋದರಮಾವ ಮೊದಲ ದಿನವೇ ಕಿವಿ ಹಿಂಡಿ ಹೇಳಿದ್ದ: "ಕುರ್ಚಿ ಮೇಲೆ ಕೂತವರ ಜೊತೆ ವಾದ ಮಾಡ್ಬೇಡ. ವಾದ ಮಾಡಿದ್ರೆ ತಲೆ ಅಲ್ಲಾಡುತ್ತೆ. ತಲೆ ಅಲ್ಲಾಡಿದ್ರೆ ಕತ್ತರಿ ತಪ್ಪುತ್ತೆ." ಅಂದಿನಿಂದ ಕುರ್ಚಿಯಲ್ಲಿ ಕೂತವರು ಬಿಸಿಲನ್ನು ಮಳೆ ಅಂದರೂ ಇವನು "ಹೌದು ಸಾರ್" ಅನ್ನುವವನೇ. ಹಾಗಾಗಿ ಜನ ಅವನಿಗೆ ಹೌದಪ್ಪ ಎಂದು ಹೆಸರಿಟ್ಟಿದ್ದರು. ಅವನು ಅದಕ್ಕೂ ಹೌದು ಅಂದಿದ್ದ.

ಕುರ್ಚಿಯಿಂದ ಹೊರಗಿದ್ದವರ ಜೊತೆಯಾದರೆ ಬೇರೆ ವಿಷಯ. ಸೋಮವಾರ ಬೆಳಿಗ್ಗೆ ಬ್ಯಾಂಕಿನಿಂದ ನಿವೃತ್ತರಾದವರು ಬಂದು ಕೂತರು. "ಮಗಳಿಗೆ ಕಾಮರ್ಸ್ ಓದಿಸಯ್ಯಾ" ಅಂದರು. "ಹೌದು ಸಾರ್." ಮಧ್ಯಾಹ್ನ ಪೊಲೀಸಿನವರು ಬಂದರು. "ಸರ್ಕಾರಿ ಪರೀಕ್ಷೆಗೆ ಕೂರಿಸು, ಬೇರೆ ಎಲ್ಲಾ ದಂಡ." "ಹೌದಣ್ಣಾ." ಮಂಗಳವಾರ ಔಷಧಿ ಅಂಗಡಿಯ ಯಜಮಾನ ಬಂದ. ಗಡ್ಡಕ್ಕೆ ನೊರೆ ಹಚ್ಚಿಸಿಕೊಳ್ಳುತ್ತಲೇ ಅಂದ: "ಫಾರ್ಮಸಿಗೆ ಸೇರಿಸ್ಬಿಡು. ನನ್ನ ಸ್ನೇಹಿತನ ಕಾಲೇಜಿದೆ, ಒಂದು ಸೀಟು ಹಿಡಿದಿಡೋಕೆ ಹೇಳ್ತೀನಿ. ಶನಿವಾರ ಕೊನೇ ದಿನ. ಫಾರಂ ನಾನೇ ತರ್ತೀನಿ, ನೀನು ಸಹಿ ಹಾಕು, ಅಷ್ಟೆ."

"ಹೌದಣ್ಣಾ, ಆಯ್ತಣ್ಣಾ," ಅಂದ ಹೌದಪ್ಪ.

ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಸೌಟು ಹಿಡಿದುಕೊಂಡೇ ತಿರುಗಿದಳು.

"ನಿನ್ನೆ ಕಾಮರ್ಸು ಅಂದ್ರಿ. ಇವತ್ತು ಫಾರ್ಮಸಿ ಅಂತೀರಿ. ಇರೋದು ಒಬ್ಬಳೇ ಮಗಳು ರೀ. ನಾಲ್ಕು ಕಾಲೇಜಿಗೆ ಹಂಚ್ತೀರಾ?"

"ದೊಡ್ಡವರು ಹೇಳಿದ್ರು. ಇಲ್ಲ ಅನ್ನೋಕಾಗುತ್ತಾ?"

"ಅವಳನ್ನ ಕೇಳಿದ್ರಾ?"

ಹೌದಪ್ಪ ಕೇಳಿರಲಿಲ್ಲ. ಕೇಳಬೇಕು ಅಂತ ಅವನಿಗೆ ಹೊಳೆದೂ ಇರಲಿಲ್ಲ. ಮಗಳು ಒಳಕೋಣೆಯಲ್ಲಿ ಕೂತು ಅಂಗಡಿಯ ಕೆಟ್ಟ ಟ್ರಿಮ್ಮರ್ ಬಿಚ್ಚಿಕೊಂಡಿದ್ದಳು. ಈ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು. ಆದರೂ ಸ್ಕ್ರೂ ತಿರುಗಿಸುತ್ತಲೇ ಇದ್ದಳು.

ಬುಧವಾರ ಗ್ರಂಥಾಲಯದ ಅಕ್ಕ ಬಂದಳು. ಸಾರ್ವಜನಿಕ ಗ್ರಂಥಾಲಯದಲ್ಲಿ ಓದು ಮತ್ತು ಉದ್ಯೋಗದ ಮಾಹಿತಿ ಕೊಡುವ ಮೇಜು ಅವಳದು. ಅವಳ ತಂದೆಗೆ ಕೈ ನಡುಗುತ್ತದೆ, ಹಾಗಾಗಿ ವಾರಕ್ಕೊಮ್ಮೆ ಗಡ್ಡ ಮಾಡಿಸಲು ಕರೆತರುತ್ತಾಳೆ. ಮುದುಕರು ಕುರ್ಚಿ ಹತ್ತಿದರು, ಅಕ್ಕ ಬೆಂಚಿನ ಮೇಲೆ ಕೂತಳು.

"ಮಗಳನ್ನ ಟೀಚರ್ ಮಾಡಪ್ಪಾ," ಅಂದರು ಮುದುಕರು.

"ಹೌದು ಯಜಮಾನ್ರೇ."

ಬೆಂಚಿನ ಮೇಲಿದ್ದ ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಅಣ್ಣಾ, ಫಾರ್ಮಸಿ ಸೀಟು ಗಟ್ಟಿಯಾಗಿದೆ ಅಂತ ಔಷಧಿ ಅಂಗಡೀಲಿ ಈಗ ತಾನೇ ಕೇಳ್ಕೊಂಡು ಬಂದೆ. ಮತ್ತೆ ಟೀಚರ್ ಹೇಗಾಗ್ತಾಳೆ?"

ಹೌದಪ್ಪನಿಗೆ ಬೆಂಚಿನವರ ಜೊತೆ ವಾದ ಮಾಡಲು ಯಾವ ಅಡ್ಡಿಯೂ ಇರಲಿಲ್ಲ. "ಅಯ್ಯೋ, ಯಾವುದೋ ಒಂದಾದ್ರೆ ಸಾಕು ಬಿಡಮ್ಮಾ. ಓದು ಅಂದ್ಮೇಲೆ ಓದು."

"ಅಳತೆ ನೋಡದೆ ಚಪ್ಪಲಿ ತರ್ತೀರಾ ಅಣ್ಣಾ? ಎರಡು ಮೂರು ವರ್ಷ ಓದಿ, ಆಮೇಲೆ ಇದು ನನಗಲ್ಲ ಅಂತ ಬಿಟ್ಟು ಬರೋ ಮಕ್ಕಳು ನನ್ನ ಮೇಜಿನ ಮುಂದೆ ಎಷ್ಟು ಜನ ಅಳ್ತಾರೆ ಗೊತ್ತಾ?"

ಅಷ್ಟು ಹೊತ್ತಿಗೆ ಮಗಳು ರಿಪೇರಿಯಾದ ಟ್ರಿಮ್ಮರ್ ಹಿಡಿದು ಬಂದಳು. ಗುಂಡಿ ಒತ್ತಿದಳು, ಅದು ಗುಂಯ್ ಎಂದಿತು. ಅಕ್ಕ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ಏನು ಮಾಡಿದೆ ಇದಕ್ಕೆ?"

"ಬ್ಯಾಟರಿ ಸತ್ತಿತ್ತು ಅಕ್ಕಾ. ಬೇರೆ ಹಾಕಿ ಬೆಸುಗೆ ಹಾಕಿದೆ."

"ಯಾರು ಕಲಿಸಿದ್ದು?"

"ಯಾರೂ ಇಲ್ಲ. ಎರಡು ಕೆಡಿಸಿ ಕಲಿತೆ."

"ಓಹೋ, ಆ ಎರಡು ಹೋಗಿದ್ದು ಹೀಗಾ!" ಎಂದು ಕುರ್ಚಿಯ ಹಿಂದಿನಿಂದ ಹೌದಪ್ಪ ಗೊಣಗಿದ.

"ಮುಂದೆ ಏನು ಕಲಿಯೋ ಆಸೆ?" ಎಂದಳು ಅಕ್ಕ.

ಹುಡುಗಿ ಅಪ್ಪನ ಬೆನ್ನು ನೋಡಿ ತಲೆ ತಗ್ಗಿಸಿದಳು. ಆಮೇಲೆ ಮೆಲ್ಲಗೆ ಅಂದಳು: "ಬ್ಯಾಟರಿ ಗಾಡಿ ರಿಪೇರಿ. ಎದುರಿನ ಗ್ಯಾರೇಜ್ ಮಾಮ ದಿನಾ ಮೂರು ನಾಲ್ಕು ಸ್ಕೂಟರ್ ವಾಪಸ್ ಕಳಿಸ್ತಾರೆ. ಇಂಜಿನ್ ಇದ್ರೆ ತಗೊಂಡು ಬಾ, ಇದು ನನಗೆ ಬರಲ್ಲ ಅಂತಾರೆ. ಜನ ತಳ್ಳಿಕೊಂಡು ಹೋಗ್ತಾರೆ. ನೋಡಿ ನೋಡಿ ನನಗೆ ಕೈ ತುರಿಸುತ್ತೆ."

ಹೌದಪ್ಪ ಕತ್ತಿಯನ್ನು ಮೇಲೆತ್ತಿ ಹಿಡಿದು ತಿರುಗಿದ. "ಹೆಣ್ಣುಮಗು! ಗಾಡಿ ಕೆಳಗೆ ಮಲಗಿ ಎಣ್ಣೆ ಮೆತ್ಕೊಳ್ತಾಳಾ?"

"ಬ್ಯಾಟರಿ ಗಾಡೀಲಿ ಇಂಜಿನ್ ಎಣ್ಣೆ ಎಲ್ಲಿಂದ ಬಂತಣ್ಣಾ?" ಅಂದಳು ಅಕ್ಕ.

ಮುದುಕರು ನೊರೆ ಮುಖದಲ್ಲೇ ಕಿಸಕ್ಕನೆ ನಕ್ಕರು.

"ಸರಿ, ಇವೆಲ್ಲ ಹೊಸ ಹುಚ್ಚು. ಇವತ್ತು ಇರುತ್ತೆ, ನಾಳೆ ಇರಲ್ಲ," ಅಂದ ಹೌದಪ್ಪ.

"ಗಾಡಿ ಬದಲಾಗಬಹುದು. ಆದ್ರೆ ಕರೆಂಟು, ಬ್ಯಾಟರಿ, ಸರ್ಕ್ಯೂಟು ಕಲಿತ ಕೈ ಖಾಲಿ ಕೂರಲ್ಲ. ಮನೆ ಮೇಲಿನ ಸೋಲಾರ್, ಆಸ್ಪತ್ರೆ ಮೆಷಿನ್ನು, ಲಸಿಕೆ ಇಡೋ ತಂಪು ಪೆಟ್ಟಿಗೆ, ಎಲ್ಲಕ್ಕೂ ಬುನಾದಿ ಅದೇ. ಫಾರ್ಮಸೀನೂ ಒಳ್ಳೇದೇ ಅಣ್ಣಾ, ಅದನ್ನ ಇಷ್ಟಪಟ್ಟು ಓದೋರಿಗೆ."

ಮುದುಕರ ಗಡ್ಡ ಮುಗಿಯಿತು. ಅವರು ಇಳಿದು ಬೆಂಚಿಗೆ ಬಂದರು. ಹೌದಪ್ಪ ಟವೆಲ್ ಕೊಡವಿ ತಿರುಗುವಷ್ಟರಲ್ಲಿ ಮಗಳು ಹೋಗಿ ಆ ಕುರ್ಚಿಯಲ್ಲಿ ಕೂತಿದ್ದಳು. ಕಾಲು ಮೇಲೆತ್ತಿ ಇಟ್ಟು, ಗಿರಾಕಿಯ ಗತ್ತಿನಲ್ಲಿ.

"ಏಳೇ, ಏನಿದು?"

"ಇಲ್ಲಿ ಕೂತವರ ಮಾತಿಗೆಲ್ಲ ಹೌದು ಅಂತೀಯಲ್ಲಪ್ಪಾ. ನಾನೂ ಕೂತಿದೀನಿ. ಒಂದು ಸಲ ನನ್ನ ಮಾತೂ ಕೇಳು."

ಅವಳು ನಗುತ್ತಲೇ ಅಂದಿದ್ದಳು. ಆದರೆ ಕನ್ನಡಿಯಲ್ಲಿ ಅವಳ ಕಣ್ಣು ತುಂಬಿದ್ದು ಹೌದಪ್ಪನಿಗೆ ಕಂಡಿತು. ಅವನಿಗೆ ನಾಚಿಕೆಯಾಯಿತು. ಊರಿನವರ ತಲೆಯ ಸುಳಿ ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳಬಲ್ಲವನಿಗೆ ಮಗಳ ತಲೆಯೊಳಗೆ ಏನಿದೆ ಅಂತ ಗೊತ್ತಿರಲಿಲ್ಲ. ಟವೆಲ್ ಕೆಳಗಿಟ್ಟು, ಅವಳ ತಲೆ ಸವರಿ, "ಹೇಳಮ್ಮಾ, ಪೂರ್ತಿ ಹೇಳು" ಅಂದ.

ಅವಳು ಹೇಳುತ್ತಲೇ ಹೋದಳು. ಹೌದಪ್ಪ ಎಂದಿನಂತೆ "ಹೌದು, ಹೌದಮ್ಮಾ" ಅನ್ನತೊಡಗಿದ. ಆಗ ಅಕ್ಕ ತಡೆದಳು.

"ನಿಲ್ಲಿ ಅಣ್ಣಾ. ಇವಳಿಗೂ ಕಣ್ಣು ಮುಚ್ಚಿ ಹೌದು ಅನ್ಬೇಡಿ. ಆಸೆ ಇದ್ರೆ ಸಾಲದು, ಕೆಲಸ ಹೇಗಿರುತ್ತೆ ಅಂತ ಇಬ್ಬರೂ ಕಣ್ಣಾರೆ ನೋಡಿ. ನಾಳೆ ಗ್ರಂಥಾಲಯಕ್ಕೆ ಬನ್ನಿ. ಅವಳ ಅಂಕಪಟ್ಟಿ ತನ್ನಿ, ಯಾವ ಕೋರ್ಸಿಗೆ ಅರ್ಹತೆ ಇದೆ, ಯಾವ ಸಂಸ್ಥೆಗೆ ಮಾನ್ಯತೆ ಇದೆ ಅಂತ ನೋಡೋಣ. ಶುಕ್ರವಾರ ಒಂದು ಸರ್ವಿಸ್ ಸೆಂಟರಿಗೆ ಹೋಗಿ ಬನ್ನಿ."

ಹೋದರು. ಗುರುವಾರ ಅಮ್ಮ ಮಗಳು ಅಂಕಪಟ್ಟಿ ಹಿಡಿದು ಗ್ರಂಥಾಲಯಕ್ಕೆ ಹೋಗಿ ಸಂಸ್ಥೆ ಗೊತ್ತುಮಾಡಿಕೊಂಡು ಬಂದರು. ಶುಕ್ರವಾರ ಮಧ್ಯಾಹ್ನ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕೆಲಸದ ದಿನ ಅಂಗಡಿಯ ಬಾಗಿಲು ಎಳೆದು ಹೋದರು. ಅಮ್ಮನೂ ಜೊತೆಗಿದ್ದಳು. ಸರ್ವಿಸ್ ಸೆಂಟರಿನ ನೆಲ ಅವರ ಅಡುಗೆಮನೆಗಿಂತ ಚೊಕ್ಕವಾಗಿತ್ತು. ದಪ್ಪ ರಬ್ಬರ್ ಕೈಗವಸು ಹಾಕಿದ ಒಬ್ಬ ತರುಣಿ ಸ್ಕೂಟರಿನ ಸೀಟು ಎತ್ತಿ, ಲ್ಯಾಪ್‌ಟಾಪಿಗೆ ತಂತಿ ಜೋಡಿಸಿ ಏನೋ ಓದುತ್ತಿದ್ದಳು.

"ಶಾಕ್ ಹೊಡೆಯಲ್ವೇನಮ್ಮಾ?" ಕೇಳಿದ ಹೌದಪ್ಪ.

"ಕಲಿಯದೆ ಮುಟ್ಟಿದ್ರೆ ಹೊಡೆಯುತ್ತೆ ಅಂಕಲ್. ಅದಕ್ಕೇ ಎರಡು ವರ್ಷ ತಾಂತ್ರಿಕ ಕೋರ್ಸ್ ಮಾಡಿದ್ದು. ಈಗ ಕೆಲಸ ಮಾಡ್ತಾನೇ ಡಿಪ್ಲೊಮಾ ಓದ್ತಿದೀನಿ."

"ಕಷ್ಟ ಇಲ್ವಾ?"

"ಇದೆ. ದಿನವಿಡೀ ನಿಂತೇ ಇರ್ಬೇಕು. ಬ್ಯಾಟರಿ ಭಾರ, ಇಬ್ಬರು ಸೇರಿ ಎತ್ತಬೇಕು. ಪ್ರತಿ ವರ್ಷ ಹೊಸ ಮಾಡೆಲ್ ಬರುತ್ತೆ, ಮತ್ತೆ ಕಲಿಯಬೇಕು."

ಹೌದಪ್ಪ ಮಗಳ ಮುಖ ನೋಡಿದ. ಕಷ್ಟದ ಮಾತು ಕೇಳಿಯೂ ಅವಳ ಕಣ್ಣು ಆ ತಂತಿಗಳ ಮೇಲಿಂದ ಕದಲಿರಲಿಲ್ಲ. ಹೆಂಡತಿ ಅವನ ತೋಳು ತಿವಿದು, "ನೋಡಿದ್ರಾ?" ಅಂದಳು. ಅವನಿಗೆ ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು. ಅಂದು ಸಂಜೆಯೇ ಮಾನ್ಯತೆ ಇರುವ ತರಬೇತಿ ಸಂಸ್ಥೆಗೆ ಮಗಳು ತನ್ನ ಕೈಯಾರೆ ಅರ್ಜಿ ತುಂಬಿದಳು, ಅಪ್ಪ ಸಹಿ ಹಾಕಿದ.

ಉಳಿದದ್ದು ಶನಿವಾರ. ಬೆಳಿಗ್ಗೆ ಒಂಬತ್ತಕ್ಕೆ ಔಷಧಿ ಅಂಗಡಿಯ ಯಜಮಾನ ಫಾರ್ಮಸಿ ಫಾರಂ ಹಿಡಿದು ಬಂದೇಬಿಟ್ಟ. ಕುರ್ಚಿಯಲ್ಲಿ ಒರಗಿ, ಕತ್ತು ಎತ್ತಿ, "ಮೊದಲು ಗಡ್ಡ, ಆಮೇಲೆ ಸಹಿ" ಅಂದ.

ಹೌದಪ್ಪ ನೊರೆ ಹಚ್ಚಿದ. ಗಲ್ಲದ ಕೆಳಗೆ ಕತ್ತಿ ಇಟ್ಟ.

"ಇಲ್ಲಣ್ಣಾ," ಅಂದ. "ಸಹಿ ಹಾಕಲ್ಲ. ಗ್ರಂಥಾಲಯದ ಅಕ್ಕ ದಾರಿ ತೋರಿಸಿದ್ಲು, ಮಗಳು ಬ್ಯಾಟರಿ ಗಾಡಿ ಕೆಲಸ ಕಲೀತಾಳೆ. ನಾನು ಅವಳನ್ನ ಕೇಳದೆ ನಿಮಗೆ ಆಯ್ತು ಅಂದಿದ್ದು ತಪ್ಪು. ಆ ಸೀಟು ಬೇಕಾದವರಿಗೆ ಸಿಗಲಿ."

ಕತ್ತಿ ಕತ್ತಿನ ಮೇಲಿರುವಾಗ ಯಾರು ತಾನೇ ವಾದ ಮಾಡುತ್ತಾರೆ? ಯಜಮಾನ ಉಸಿರು ಬಿಗಿಹಿಡಿದು ಕೂತ. ಗಡ್ಡ ಮುಗಿಯಿತು. ಮುಖ ಒರೆಸಿಕೊಂಡ, ಫಾರಂ ಮಡಚಿ ಜೇಬಿಗೆ ಹಾಕಿದ. ಇನ್ನು ಈ ಗಿರಾಕಿ ಕೈತಪ್ಪಿದ ಹಾಗೆಯೇ ಎಂದುಕೊಂಡ ಹೌದಪ್ಪ.

ಬಾಗಿಲವರೆಗೆ ಹೋದ ಯಜಮಾನ ನಿಂತ. "ಹೋದ ವರ್ಷ ನನ್ನ ಮಗನಿಗೂ ನಾನೇ ಫಾರಂ ತುಂಬಿದೆ ಕಣಯ್ಯಾ," ಅಂದ, ಬೀದಿ ನೋಡುತ್ತಲೇ. "ಮೂರು ವಾರ ಆಯ್ತು, ಅವನು ನನ್ನ ಜೊತೆ ಮಾತು ಬಿಟ್ಟು." ಆಮೇಲೆ ತಿರುಗಿ ನೋಡಿ ಕೇಳಿದ: "ಆ ಗ್ರಂಥಾಲಯದ ಅಕ್ಕ ಇವತ್ತು ಎಷ್ಟು ಗಂಟೆವರೆಗೂ ಇರ್ತಾಳೆ?"

"ಐದರವರೆಗೆ ಅಣ್ಣಾ. ಮಗನನ್ನೂ ಕರ್ಕೊಂಡು ಹೋಗಿ. ದಾರೀಲಿ ನೀವು ಮಾತಾಡ್ಬೇಡಿ, ಅವನಿಗೆ ಬಿಡಿ," ಅಂದ ಹೌದಪ್ಪ.

ಓದುವ ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮನೆಯಲ್ಲೂ ಈ ವರ್ಷ ಶಾಲೆ ಮುಗಿಸಿದ ಮಗುವಿದೆಯೇ? ಫಾರಂ ತುಂಬುವ ಮೊದಲು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: ಎಷ್ಟು ಹೊತ್ತು ಮಾಡಿದರೂ ನಿನಗೆ ಬೇಸರವಾಗದ ಕೆಲಸ ಯಾವುದು? ನಿಮ್ಮ ಸುತ್ತಮುತ್ತ ಯಾವ ಹೊಸ ಕೆಲಸಕ್ಕೆ ಕೈಗಳು ಸಾಲುತ್ತಿಲ್ಲ ಎಂದು ಗಮನಿಸಿ. ಆ ಕೆಲಸ ಮಾಡುತ್ತಿರುವವರನ್ನು ಮಗುವಿನ ಜೊತೆ ಹೋಗಿ ಕಂಡು, ಸುಖದ ಜೊತೆಗೆ ಕಷ್ಟವನ್ನೂ ಕೇಳಿ ತಿಳಿಯಿರಿ. ಸಂಸ್ಥೆಗೆ ಮಾನ್ಯತೆ ಇದೆಯೇ, ಮುಂದೆ ಓದಲು ದಾರಿ ಇದೆಯೇ ಎಂದು ವಿಚಾರಿಸದೆ ಸಹಿ ಹಾಕಬೇಡಿ. ಗೊತ್ತಾಗದಿದ್ದರೆ ಶಾಲೆಯ ಶಿಕ್ಷಕರನ್ನೋ ಹತ್ತಿರದ ಉದ್ಯೋಗ ಮಾಹಿತಿ ಕೇಂದ್ರವನ್ನೋ ಕೇಳಿ, ಕೇಳಲು ನಾಚಿಕೆ ಬೇಡ. ಊರವರ ಸಲಹೆಗೆ ನಾಳೆ ಉತ್ತರ ಕೊಡಬಹುದು. ಇವತ್ತು ಸಂಜೆ ಮಗುವಿನ ಮಾತು ಕೇಳಿ.