ಹೊಲಿಗಿ ಬಿಚ್ಚಿದ ರೊಟ್ಟಿ ಗಂಟು

೧೯೮೬ರ ಮಾತಿದು. ಆಗಿನ ಪುಣೆ ನೆನಪಾದ್ರ ಈಗೂ ಜೀವ ಅರಳತದ ನೋಡ್ರಿ. ಅಮಾಸಿ ಮರುದಿನ ಸುರಪುರ ಕಡಿಂದ ಬರೋ ಬಸ್ಸು ಪುಣೆಯ ಕಾತ್ರಜದಾಗ ನಿಂತ್ರ ಸಾಕು, ಶೇಂಗಾ ಚಟ್ನಿ ವಾಸನಿ ಮೊದಲ ಇಳೀತಿತ್ತು, ಮುದುಕಿ ಸಾಬವ್ವ ಆಮ್ಯಾಲ. ಊರಿನವ್ರು ಅರಿವ್ಯಾಗ ಸುತ್ತಿ, ಬಾಯಿ ಹೊಲಿದು ಕೊಟ್ಟ ರೊಟ್ಟಿ ಗಂಟು ತಂದು, ಇಲ್ಲಿ ಓದೋ ಹುಡುಗರಿಗೆ ಮುಟ್ಟಸ್ತಿದ್ಳು. ಒಂದು ಗಂಟೂ ಬಿಚ್ಚಿ ನೋಡಿದಾಕಿ ಅಲ್ಲ. ಹುಡುಗರೆಲ್ಲಾ ಆಕಿನ್ನ ಆಯಿ ಅಂತಿದ್ರು.

ಸುರಪುರ ಕಡಿಂದ ದುಡಿಯಾಕ ಬಂದು ಪುಣೆಯ ಬಿಬವೇವಾಡಿಯಾಗ ಇದ್ದ ಗೌಂಡಿ ಧರ್ಮಣ್ಣನ ಮಗ ಅವಧೂತ. ಆ ಮನಿತನದಾಗ ಕಾಲೇಜು ಕಂಡವ ಅವನ ಮೊದಲ. ಗೆಳ್ಯಾ ಮಧುಕರನ ಸಂಗಾಟ ಗಾಂಜಾ ಸೇದೂದೂ ಕಲ್ತಿದ್ದ. ಸಾಬವ್ವ ಬರೋ ದಿನ ಊರಿಂದ ಅವನ ಕಾಕಾನ ಕಾರ್ಡು ಬಂತು. ಧರ್ಮಣ್ಣಗ ಓದು ಬರ್ತಿರಲಿಲ್ಲ, ಮಗ ಇನ್ನೂ ಕಾಲೇಜಿನಾಗಿದ್ದ. ಪಕ್ಕದ ಮನಿ ಗೌರಾಬಾಯಿ ಓದಿದ್ಳು: ಅವಧೂತ ಕೇಳಿದ ಗಾಂಜಾ ಪುಡಿಕಿ ರೊಟ್ಟಿ ಗಂಟಿನಾಗ ಇಟ್ಟೀನಿ ಅಂತ ಬರದಿತ್ತು.

ಧರ್ಮಣ್ಣ ನಕ್ಕ. ಊರ ಗುಡಿಕಟ್ಟಿ ಮ್ಯಾಲ ಹಿರ್ಯಾರು ಚಿಲುಮಿ ಎಳೀತಿದ್ರು, ಯಾರೇನ್ ಅಂತಿದ್ರು, ವಯಸ್ಸಿನ ಹುಡುಗ ತಾನ ಬಿಡ್ತಾನ ಅಂದ.

ಕೋರ್ಟಿನಾಗ ಕಾರಕೂನಕಿ ಮಾಡ್ತಿದ್ದ ಗೌರಾಬಾಯಿ ನಗಲಿಲ್ಲ. "ಹೋದ ವರ್ಷ ಹೊಸ ಕಾಯ್ದೆ ಬಂದದ ಧರ್ಮಣ್ಣ. ಗಾಂಜಾ ಇಟಗೊಂಡ್ರ, ಸಾಗಿಸಿದ್ರ ಐದು ವರ್ಷದ ತನಕ ಜೈಲು. ಗಂಟು ಯಾರ ಕೈಯಾಗ ಅದನೋ ಅವ್ರನ್ನ ಹಿಡೀತಾರ. ಈಗದು ಸಾಬವ್ವನ ಕೈಯಾಗ ಅದ."

 ಧರ್ಮಣ್ಣ ಕಾಲೇಜಿಂದ ಆಗಷ್ಟ ಬಂದ ಮಗನ ರಟ್ಟಿ ಹಿಡಕೊಂಡು ಕಾತ್ರಜಕ್ಕ ಓಡಿದ. ಬಸ್ಸು ಒಂದು ತಾಸು ತಡಾ. ಅಷ್ಟೊತ್ತಿಗೆ ಅಪ್ಪ ಮಗ ಇಬ್ಬರ ಜೀವಾನೂ ಬಾಯಿಗೆ ಬಂದಿತ್ತು.

ಪುಣ್ಯಾಕ್ಕ ಸಾಬವ್ವ ಸುಖರೂಪ ಇಳಿದ್ಳು. ಧರ್ಮಣ್ಣ ಕೈಮುಗಿದು ಎಲ್ಲಾ ಹೇಳಿ, ಹೊಲಿಗಿ ಹರಿದು, ಪುಡಿಕಿ ಗಟಾರಕ್ಕ ಸುರುವಿದ. ಆಯಿ ಬೈತಾಳ ಅಂತ ಅವಧೂತ ತಲಿ ತಗ್ಗಿಸಿ ನಿಂತಿದ್ದ. ಆಕಿ ಬೈಲಿಲ್ಲ.

"ನಿಮ್ಮ ಗಂಟು ಇನ್ನ ಬಿಚ್ಚಿ ನೋಡೇ ತರ್ತೀನಪಾ" ಅಂದ್ಳು.

ಹಂಗ ಮಾಡಿದ್ಳು. ಪ್ರತಿ ತಿಂಗಳಾ ಎಲ್ಲರ ಗಂಟೂ ಹೊಲಿದದ್ದು ಹಂಗ ಇರ್ತಿದ್ವು, ಅವಧೂತಂದೊಂದು ಹೊಲಿಗಿ ಬಿಚ್ಚಿರ್ತಿತ್ತು. ಜೊತಿ ಹುಡುಗರು ನೋಡ್ತಿದ್ರು. ಅವಗ ನೆಲಾ ಬಾಯಿ ಬಿಡಬಾರದಾ ಅನ್ನಸ್ತಿತ್ತು. ಚಟ ಎಳದಾಗ ಗೌರಾಬಾಯಿನೇ ಅವನ್ನ ಡಾಕ್ಟರ ಕಡಿ ಕರಕೊಂಡು ಹೋದ್ಳು. ಮಧುಕರ ಮತ್ತ ಸೇದಾಕ ಕರದಾಗ ಅವಧೂತ, ಜೈಲಿಗೂ ಅಂಜತೀನಿ, ಆಯಿ ಮಾರಿಗೆ ಅದಕ್ಕಿಂತ ಅಂಜತೀನಿ ಅಂತ ಹೇಳಿ ಕಳಿಸಿದ.

ಮೂರನೇ ವರ್ಷ ಒಂದು ಸಲ ಅವನ ಗಂಟೂ ಹೊಲಿದದ್ದು ಹೊಲಿದಂಗ ಬಂತು.

"ಬಿಚ್ಚಿ ನೋಡಲಿಲ್ಲೇನ ಆಯಿ?"

"ಯಾಕ ನೋಡ್ಲೋ?"

ಅಷ್ಟು ಮಂದಿ ನಡುವ ಹುಡುಗ ಗಂಟು ತಬ್ಬಿಕೊಂಡು ಅತ್ತುಬಿಟ್ಟ.

ಓದೋ ಮಕ್ಕಳಿದ್ದವ್ರ, ನಮ್ಮ ಕಾಲಕ್ಕ ಎಲ್ಲಾರೂ ಸೇದ್ತಿದ್ರು ಅಂತ ನಕ್ಕು ಬಿಡಬ್ಯಾಡ್ರಿ. ಕಾಯ್ದೆ ಏನದ ಅಂತ ಇವತ್ತ ಕೂಡಿಸಿಕೊಂಡು ಹೇಳ್ರಿ. ತಪ್ಪು ಮಾಡಿದ್ರ ಮುಚ್ಚಬ್ಯಾಡ್ರಿ, ಕೈನೂ ಬಿಡಬ್ಯಾಡ್ರಿ, ಡಾಕ್ಟರ ಕಡಿ ಕರಕೊಂಡು ಹೋಗ್ರಿ. ಹುಡುಗ್ರಾ, ನಿಮ್ಮನ್ನ ಕಣ್ಮುಚ್ಚಿ ನಂಬಿದವ್ರು ಒಬ್ಬರರ ಇರ್ತಾರ. ಪುಡಿಕಿಗೆ ಕೈ ಚಾಚೂಕಿಂತ ಮೊದಲ ಅವ್ರ ಮಾರಿ ನೆನಸ್ರಿ.