ಎಂಟು ಎಣಿಸುವ ತನಕ

ಡೋರ್ಕಸ್ ಹರ್ಸ್ಟ್ ಬದುಕಿನಲ್ಲಿ ಒಂದು ಹನಿ ಹೆಂಡ ಮುಟ್ಟಿದವಳಲ್ಲ. ಕುಡುಕಿಯೆಂದು ಚರ್ಚಿನ ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದರು.

ಈಗ ಅವಳ ಶವಪೆಟ್ಟಿಗೆಯ ಪಕ್ಕ ಫೋಟೋ ತೆಗೆಯುವ ಕ್ರೌದರ್ ಜಿನ್ ಬಾಟಲಿಯೊಂದನ್ನು ಅತ್ತಿತ್ತ ಸರಿಸಿ ನೋಡುತ್ತಿದ್ದ. ಮಣ್ಣಾದ ಮೇಲೆ ಬಡಿಸಲೆಂದು ಕೊಯ್ದಿಟ್ಟ ಹಂದಿಮಾಂಸ ಆಗಲೇ ಅವನ ಬಾಯಲ್ಲಿತ್ತು. ಅದೇ ಜಿಡ್ಡುಗೈಯಿಂದ ಹೆಣದ ಕೂದಲು ಕೆದರಿದ.

“ಇಷ್ಟು ನುಣ್ಣಗೆ ಬಾಚಿದ್ರೆ ಕುಡುಕಿ ಅಂತ ಯಾರು ನಂಬ್ತಾರೆ?”

ಬೆಳಗ್ಗೆ ಆ ತಲೆ ಬಾಚಿದ್ದ ಮಗಳು ಸೆಲೀನಾ ಪೆಟ್ಟಿಗೆಗೆ ಇನ್ನಷ್ಟು ಹತ್ತಿರ ಸರಿದಳು.

“ಕೈಯಾದ್ರೂ ಒರೆಸ್ಕೊಳ್ಳೋ,” ಎಂದಳು ನೆರೆಮನೆಯ ಮುದುಕಿ ಹೆಪ್ಸಿ. “ಚಿಕ್ಕವನಿದ್ದಾಗ ನಿನ್ನ ಮೂಗು ಒರೆಸಿದ್ದೂ ನಾನೇ. ಇವತ್ತೂ ಬರ್ಬೇಕಾ?”

ಹೊಸ ಪಾದ್ರಿ ಕೆಮ್ಮಿದ. “ಒಂದೇ ಚಿತ್ರ, ಸೆಲೀನಾ. ಅದನ್ನ ನೋಡಿ ನಾಲ್ಕು ಜನ ಕುಡಿಯೋದು ಬಿಟ್ರೆ ನಿಮ್ಮಮ್ಮನ ಪಾಪ ತೊಳೆದ್ಹೋಗುತ್ತೆ. ಆಮೇಲೆ ಚರ್ಚಿನಂಗಳದಲ್ಲಿ, ನಿಮ್ಮಪ್ಪನ ಪಕ್ಕದಲ್ಲೇ ಮಣ್ಣು.”

ಸಾಯುವ ಮುನ್ನ ಅಮ್ಮ ಕೇಳಿದ್ದೂ ಅದೊಂದನ್ನೇ.

“ಯಾವ ಪಾಪ, ಸ್ವಾಮಿ?”

“ಕಣ್ಣಾರೆ ನೋಡಿದ್ದೀನಮ್ಮ. ಪರದೆ ಮೇಲೆ.”

*

ಅದು ವರ್ಷಗಳ ಹಿಂದೆ, ಗಿರಣಿ ಮುಚ್ಚಿದ್ದ ಚಳಿಗಾಲ. ಕ್ರೌದರನಿಗೆ ಪಾನನಿಷೇಧ ಸಂಘದ ಚಿತ್ರಕತೆಗೊಂದು ಕುಡುಕಿ ಬೇಕಿತ್ತು; ಅಮ್ಮನಿಗೆ ಕೂಲಿ. ಅಮ್ಮನ ಕೈಯಲ್ಲಿ ತಣ್ಣನೆ ಚಹಾ ತುಂಬಿದ ಬಾಟಲಿ. ಕಾಲಬುಡದಲ್ಲಿ ಹಸಿದ ಕೂಸಾಗಿ ಆರು ವರ್ಷದ ಸೆಲೀನಾ. ಅಮ್ಮನ ಕುತ್ತಿಗೆಯ ಹಿಂದೆ, ತಲೆ ಅಲುಗದಂತೆ ಹಿಡಿಯಲು, ಕಬ್ಬಿಣದ ಕವೆ.

“ಎಂಟು ಎಣಿಸೋ ತನಕ ಉಸಿರೂ ಬಿಡ್ಬೇಡ. ಅಲುಗಾಡಿದ್ರೆ ಗಾಜಿನ ಮೇಲೆ ಬರೀ ಹೊಗೆ.”

ಅಮ್ಮ ಕಲ್ಲಾದಳು. ಆಮೇಲೆ ಗಾಜಿನ ಮೇಲೆ ಅವಳ ಮೂಗಿಗೆ ಕೆಂಪು ಹಚ್ಚಿದರು.

ಗಾಜಿನ ಹಿಂದೆ ದೀಪವಿಟ್ಟು, ಕತ್ತಲ ಸಭಾಂಗಣದ ಪರದೆಯ ಮೇಲೆ ಅವಳು ಗೋಡೆಯೆತ್ತರ ಬೆಳಗಿದಾಗ ಊರು ಛೀ ಎಂದಿತು. ಮರುದಿನ ಬೀದಿಯಲ್ಲಿ, “ಮೂಗಿನ ಬಣ್ಣ ಇಳೀತಾ, ಡೋರ್ಕಸ್?” ಮೊದಲ ವರ್ಷ ಅವಳೂ ನಕ್ಕಳು. ಆ ಗಾಜುಗಳು ಪ್ರತಿ ಚಳಿಗಾಲ ಯಾರ್ಕ್‌ಷೈರಿನ ಊರೂರು ಸುತ್ತಿ ಬಂದವು. ಹೊಸಬರಿಗೆ ಅವಳ ಗುರುತು ಸಿಕ್ಕಿದ್ದೇ ಪರದೆಯ ಮೇಲೆ. ಆಮೇಲಾಮೇಲೆ ಅವಳು ನಗುವುದನ್ನು ಬಿಟ್ಟಳು.

*

“ಮಂಡಿಯೂರು, ಸೆಲೀನಾ. ಅಳು,” ಕ್ರೌದರ್ ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಹೊರಬಂದ. “ಎಂಟರ ತನಕ ಅಲುಗಾಡ್ಬೇಡ.”

ಸೆಲೀನಾ ಬಾಟಲಿಯನ್ನು ಮೇಜಿನಡಿಗೆ ದೂಡಿದಳು. ಏಪ್ರನ್ನಿನ ಜೇಬಿನಿಂದ ಬಾಚಣಿಗೆ ತೆಗೆದು, ಕ್ಯಾಮೆರಾಕ್ಕೆ ಬೆನ್ನು ಕೊಟ್ಟು, ಅಮ್ಮನ ಮುಖ ಮರೆಯಾಗುವಂತೆ ಬಾಗಿದಳು.

“ಹಾಗಾದ್ರೆ ಊರಾಚೆಯ ಗುಂಡೀನೇ ಗತಿ,” ಎಂದ ಪಾದ್ರಿ.

“ಅಲ್ಲಿಗಾದ್ರೂ ತಲೆ ಬಾಚ್ಕೊಂಡು ಹೋಗ್ತಾಳೆ.”

ಕ್ರೌದರ್ ಹಟಕ್ಕೆ ಬಿದ್ದು ಕ್ಯಾಮೆರಾದ ಕಣ್ಣಿನ ಮುಚ್ಚಳ ತೆಗೆದ. “ಒಂದು... ಎರಡು... ಏಯ್, ಅಲುಗಾಡ್ಬೇಡ ಅಂದ್ನಲ್ಲ!”

ಬಾಚಣಿಗೆ ಹಣೆಯಿಂದ ಹಿಂದಕ್ಕೆ ಹೋಯಿತು, ಮತ್ತೆ ಹಣೆಗೆ ಬಂತು. ಎಂಟಾದ ಮೇಲೂ ನಿಲ್ಲಲಿಲ್ಲ.